ಟೆಸ್ಟೋಸ್ಟೆರಾನ್ ಕಡಿಮೆ ಎಂದು ರಿಪೋರ್ಟ್ ಬಂದಾಗ

ನಲವತ್ತು ದಾಟಿದ ಗಂಡಸರಿಗೆಂದು ಲ್ಯಾಬುಗಳು ಮಾರುವ ಆರೋಗ್ಯ ತಪಾಸಣೆಯ ಪ್ಯಾಕೇಜುಗಳಲ್ಲಿ ಈಗ ಸಕ್ಕರೆ, ಕೊಲೆಸ್ಟ್ರಾಲ್, ಥೈರಾಯ್ಡ್‌ಗಳ ಜೊತೆಗೆ ಟೆಸ್ಟೋಸ್ಟೆರಾನ್ ಎಂಬ ಇನ್ನೊಂದು ಸಾಲೂ ಸೇರಿಕೊಂಡಿದೆ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ. ಒಂದೆರಡು ದಿನದಲ್ಲಿ ಮೊಬೈಲಿಗೆ ರಿಪೋರ್ಟ್ ಬರುತ್ತದೆ. ಆ ಸಾಲಿನ ಅಂಕಿ ದಪ್ಪಕ್ಷರದಲ್ಲಿದ್ದು ಪಕ್ಕದಲ್ಲಿ 'ಲೋ' ಎಂದು ಕಂಡರೆ, ಕೆಲವು ವರ್ಷಗಳಿಂದ ಕಾಡುತ್ತಿರುವ ಸುಸ್ತು, ಮುಂದೆ ಬಂದ ಹೊಟ್ಟೆ, ಕುಗ್ಗಿದ ಉತ್ಸಾಹ, ದಾಂಪತ್ಯದಲ್ಲಿ ಕಡಿಮೆಯಾದ ಆಸಕ್ತಿ ಎಲ್ಲಕ್ಕೂ ಒಂದೇ ಉತ್ತರ ಸಿಕ್ಕಿತು ಎನಿಸುವುದು ಸಹಜ. ಈ ಅನಿಸಿಕೆಯೊಳಗೆ ಎರಡು ನಂಬಿಕೆಗಳು ಅಡಗಿವೆ. ಅಂಕಿ ಕಡಿಮೆ ಬಂದರೆ ಹಾರ್ಮೋನಿನ ಕೊರತೆ ಇದೆ ಎಂಬುದು ಒಂದು. ಕೊರತೆಯನ್ನು ತುಂಬಿಬಿಟ್ಟರೆ ಯೌವನದ ಕಸುವು ಮರಳುತ್ತದೆ ಎಂಬುದು ಇನ್ನೊಂದು. ಎರಡಕ್ಕೂ ಈಗ ನಮ್ಮ ಬಳಿ ಇರುವ ಪುರಾವೆ ಒಪ್ಪಿಗೆ ಕೊಡುವುದಿಲ್ಲ. ಲಕ್ಷಣಗಳನ್ನು ಮೊದಲು ವಿಚಾರಿಸದೆ ಮಾಡಿಸಿದ ಹಾರ್ಮೋನ್ ಪರೀಕ್ಷೆ ಬಹುಪಾಲು ಸಂದರ್ಭಗಳಲ್ಲಿ ದಾರಿ ತಪ್ಪಿಸುತ್ತದೆ.

ಮೊದಲು ಅಂಕಿಯನ್ನೇ ನೋಡೋಣ. ರಕ್ತದಲ್ಲಿರುವ ಟೆಸ್ಟೋಸ್ಟೆರಾನ್ ದಿನವಿಡೀ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಮುಂಜಾನೆ ಅದು ಹೆಚ್ಚಿರುತ್ತದೆ, ಹೊತ್ತೇರಿದಂತೆ ಇಳಿಯುತ್ತದೆ. ಮೂವತ್ತು–ನಲವತ್ತರ ವಯಸ್ಸಿನವರಲ್ಲಿ ಬೆಳಿಗ್ಗೆ ಎಂಟಕ್ಕೆ ಇದ್ದುದಕ್ಕಿಂತ ಸಂಜೆ ನಾಲ್ಕಕ್ಕೆ ಶೇ. 20ರಿಂದ 25ರಷ್ಟು ಕಡಿಮೆ ಇರಬಹುದು. ಎಪ್ಪತ್ತರ ಹೊತ್ತಿಗೆ ಈ ಏರಿಳಿತ ಚಿಕ್ಕದಾಗುತ್ತದೆ. ತಿಂಡಿ ತಿಂದರೂ ಇಳಿಯುತ್ತದೆ: ಗ್ಲೂಕೋಸ್ ಕುಡಿಸಿ ಅಳೆದಾಗ ಮಟ್ಟ ಕಾಲು ಭಾಗದಷ್ಟು ಕುಸಿದದ್ದು ದಾಖಲಾಗಿದೆ. ನಿದ್ದೆಗೆಟ್ಟರೂ ಅಷ್ಟೆ. 2011ರಲ್ಲಿ ಪ್ರಕಟವಾದ ಷಿಕಾಗೋ ವಿಶ್ವವಿದ್ಯಾಲಯದ ಚಿಕ್ಕ ಅಧ್ಯಯನವೊಂದರಲ್ಲಿ ಆರೋಗ್ಯವಂತ ಯುವಕರು ಒಂದು ವಾರ ರಾತ್ರಿ ಐದೇ ಗಂಟೆ ಮಲಗಿದಾಗ ಅವರ ಹಗಲಿನ ಟೆಸ್ಟೋಸ್ಟೆರಾನ್ ಶೇ. 10ರಿಂದ 15ರಷ್ಟು ಇಳಿದಿತ್ತು. ಜ್ವರ, ಡೆಂಗಿ, ಆಪರೇಷನ್, ಆಸ್ಪತ್ರೆವಾಸ ಇವುಗಳಲ್ಲಿ ದೇಹ ತಾನಾಗಿಯೇ ಈ ಹಾರ್ಮೋನಿನ ತಯಾರಿಕೆಯನ್ನು ತಗ್ಗಿಸುತ್ತದೆ. ಹಾಗಾಗಿ ರಾತ್ರಿ ಪಾಳಿ ಮುಗಿಸಿ, ದಾರಿಯಲ್ಲಿ ದೋಸೆ ತಿಂದು, ಹನ್ನೊಂದು ಗಂಟೆಗೆ ರಕ್ತ ಕೊಟ್ಟವರ ರಿಪೋರ್ಟ್ ಆ ದಿನದ ಆ ಹೊತ್ತಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. ಅಮೆರಿಕದ ಎಂಡೋಕ್ರೈನ್ ಸೊಸೈಟಿಯ 2018ರ ಮಾರ್ಗಸೂಚಿ ಇದೇ ಕಾರಣಕ್ಕೆ ಖಾಲಿ ಹೊಟ್ಟೆಯಲ್ಲಿ, ಬೆಳಿಗ್ಗೆ, ಬೇರೆ ಬೇರೆ ದಿನ ಎರಡು ಸಲ ಅಳೆದು, ಎರಡೂ ಸಲ ಸ್ಪಷ್ಟವಾಗಿ ಕಡಿಮೆ ಬಂದರೆ ಮಾತ್ರ ಮುಂದಿನ ಯೋಚನೆ ಮಾಡಿ ಎನ್ನುತ್ತದೆ. ಮೊದಲ ಸಲ ಸ್ವಲ್ಪ ಕಡಿಮೆ ಬಂದವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಎರಡನೇ ಸಲ ಸಹಜ ಮಟ್ಟವೇ ಬರುತ್ತದೆ.

'ಕಡಿಮೆ' ಎಂಬ ಗೆರೆಯೂ ಎಲ್ಲ ಕಡೆ ಒಂದೇ ಜಾಗದಲ್ಲಿಲ್ಲ. ಅಮೆರಿಕದ ಮೂತ್ರರೋಗ ತಜ್ಞರ ಸಂಘ ಡೆಸಿಲೀಟರಿಗೆ 300 ನ್ಯಾನೋಗ್ರಾಂ ಎನ್ನುತ್ತದೆ. ಎಂಡೋಕ್ರೈನ್ ಸೊಸೈಟಿ ಆಧಾರವಾಗಿಟ್ಟುಕೊಂಡಿರುವುದು ಬೊಜ್ಜಿಲ್ಲದ ಆರೋಗ್ಯವಂತ ಯುವಕರಲ್ಲಿ ಕಂಡ 264 ಎಂಬ ಕೆಳಮಿತಿಯನ್ನು. 280 ಬಂದವನು ಒಂದು ಗೆರೆಯ ಪ್ರಕಾರ ರೋಗಿ, ಇನ್ನೊಂದರ ಪ್ರಕಾರ ಅಲ್ಲ. ಕೆಲವು ಲ್ಯಾಬುಗಳು ಮಿಲಿಲೀಟರಿನ ಲೆಕ್ಕದಲ್ಲಿ ವರದಿ ಮಾಡುತ್ತವೆ, ಅಲ್ಲಿ 300 ಎಂಬುದು 3 ಆಗುತ್ತದೆ. ಯೂರೋಪಿನ ನ್ಯಾನೋಮೋಲ್ ಲೆಕ್ಕದಲ್ಲಿ ಅದೇ 10.4. ಅಂತರ್ಜಾಲದಲ್ಲಿ ಓದಿದ ಅಂಕಿಯೊಂದಿಗೆ ತಮ್ಮ ರಿಪೋರ್ಟನ್ನು ಹೋಲಿಸಿ ಗಾಬರಿಯಾಗುವವರು ಮೊದಲು ಈ ಮಾನವನ್ನು ನೋಡಬೇಕು. ಇನ್ನೂ ಮೂಲಭೂತವಾದ ಸಂಗತಿಯೊಂದಿದೆ. ಹೆಚ್ಚಿನ ಪರೀಕ್ಷೆಗಳ ಸಹಜ ಮಿತಿಯನ್ನು ಆರೋಗ್ಯವಂತರಲ್ಲಿ ಶೇ. 95 ಮಂದಿ ಅದರೊಳಗೆ ಬರುವಂತೆ ಗೊತ್ತುಮಾಡಿರುತ್ತಾರೆ. ಉಳಿದ ಶೇ. 5 ಮಂದಿ ಯಾವ ರೋಗವೂ ಇಲ್ಲದೆ ಗೆರೆಯಾಚೆ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿದರೆ, ಪೂರ್ತಿ ಆರೋಗ್ಯವಾಗಿರುವವನ ರಿಪೋರ್ಟಿನಲ್ಲೂ ಒಂದಾದರೂ ದಪ್ಪಕ್ಷರದ ಅಂಕಿ ಬರುವ ಸಾಧ್ಯತೆ ಶೇ. 64. ನೂರು ಪರೀಕ್ಷೆಗಳ ಪ್ಯಾಕೇಜ್ ಕೊಂಡವನಿಗೆ ಎಲ್ಲವೂ ಸಹಜ ಎಂಬ ರಿಪೋರ್ಟ್ ಬಂದರೆ ಅದೇ ಅಪರೂಪ.

ನಮ್ಮಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಒಟ್ಟು ಟೆಸ್ಟೋಸ್ಟೆರಾನ್ ಮತ್ತು ಮುಕ್ತ ಟೆಸ್ಟೋಸ್ಟೆರಾನ್‌ಗಳ ವ್ಯತ್ಯಾಸ. ರಕ್ತದಲ್ಲಿ ಈ ಹಾರ್ಮೋನಿನ ಶೇ. 98ರಷ್ಟು ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಅಲ್ಬುಮಿನ್‌ಗೆ ಸಡಿಲವಾಗಿ, ಎಸ್‌ಎಚ್‌ಬಿಜಿ ಎಂಬ ಇನ್ನೊಂದು ಪ್ರೋಟೀನಿಗೆ ಬಿಗಿಯಾಗಿ. ಯಾವುದಕ್ಕೂ ಅಂಟದೆ ಮುಕ್ತವಾಗಿ ಓಡಾಡುವುದು ಶೇ. 2ರ ಆಸುಪಾಸು. ಸಾಮಾನ್ಯ ಪರೀಕ್ಷೆ ಅಳೆಯುವುದು ಇವೆಲ್ಲ ಸೇರಿದ ಮೊತ್ತವನ್ನು. ಬೊಜ್ಜು, ಟೈಪ್ 2 ಮಧುಮೇಹ, ಥೈರಾಯ್ಡ್ ಕೊರತೆ ಇರುವವರಲ್ಲಿ ಎಸ್‌ಎಚ್‌ಬಿಜಿ ಇಳಿಯುತ್ತದೆ. ಆಗ ಮೊತ್ತ ಕಡಿಮೆ ಕಂಡರೂ ಮುಕ್ತ ಭಾಗ ಸಾಕಷ್ಟಿರಬಹುದು. ವಯಸ್ಸು, ಯಕೃತ್ತಿನ ಕಾಯಿಲೆ, ಕೆಲವು ಮೂರ್ಛೆರೋಗದ ಮಾತ್ರೆಗಳು ಎಸ್‌ಎಚ್‌ಬಿಜಿಯನ್ನು ಏರಿಸುತ್ತವೆ. ಆಗ ಮೊತ್ತ ಸಹಜವಾಗಿದ್ದೂ ಮುಕ್ತ ಭಾಗ ಕಡಿಮೆ ಇರಬಹುದು. ಹಾಗಾದರೆ ಮುಕ್ತ ಟೆಸ್ಟೋಸ್ಟೆರಾನನ್ನೇ ನೇರವಾಗಿ ಅಳೆಸಿದರೆ ಆಯಿತಲ್ಲ ಎನ್ನಬಹುದು. ಅನೇಕ ಲ್ಯಾಬುಗಳು ಇದಕ್ಕೆ ಬಳಸುವ ನೇರ ಕಿಟ್ ವಿಧಾನವನ್ನು ತಜ್ಞರು ನಂಬುವುದಿಲ್ಲ. ಒಟ್ಟು ಟೆಸ್ಟೋಸ್ಟೆರಾನ್, ಎಸ್‌ಎಚ್‌ಬಿಜಿ, ಅಲ್ಬುಮಿನ್ ಮೂರನ್ನೂ ಅಳೆದು ಸೂತ್ರದಿಂದ ಲೆಕ್ಕ ಹಾಕುವುದೇ ವಾಸಿ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿರುವವರು ಅದನ್ನೂ ವೈದ್ಯರಿಗೆ ತಿಳಿಸಬೇಕು. ಕೆಲವು ಯಂತ್ರಗಳಲ್ಲಿ ಅದು ಫಲಿತಾಂಶವನ್ನೇ ತಿರುಚುತ್ತದೆ.

ಸರಿ, ಎಲ್ಲ ಎಚ್ಚರಿಕೆಯಿಂದ ಎರಡು ಸಲ ಅಳೆದರೂ ಕಡಿಮೆಯೇ ಬಂತು ಎನ್ನೋಣ. ಸುಸ್ತಿಗೆ ಅದೇ ಕಾರಣವೇ? ಯೂರೋಪಿನ ಎಂಟು ಕೇಂದ್ರಗಳಲ್ಲಿ 40ರಿಂದ 79 ವಯಸ್ಸಿನ 3,369 ಗಂಡಸರನ್ನು ಪರೀಕ್ಷಿಸಿದ ಅಧ್ಯಯನದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಸಂಶೋಧಕರು ಸುಸ್ತು, ಬೇಸರ, ನಿಶ್ಶಕ್ತಿ ಸೇರಿದಂತೆ 32 ಲಕ್ಷಣಗಳನ್ನು ತಾಳೆ ನೋಡಿದರು. ಹಾರ್ಮೋನ್ ಕೊರತೆಯೊಂದಿಗೆ ಒಟ್ಟಾಗಿ ಕೂಡಿಬಂದದ್ದು ಮೂರೇ ಮೂರು: ಮುಂಜಾನೆಯ ನಿಮಿರುವಿಕೆ ಅಪರೂಪವಾಗುವುದು, ಲೈಂಗಿಕ ಯೋಚನೆಗಳು ಕಡಿಮೆಯಾಗುವುದು, ನಿಮಿರು ದೌರ್ಬಲ್ಯ. ಈ ಮೂರೂ ಇದ್ದು, ಒಟ್ಟು ಮತ್ತು ಮುಕ್ತ ಎರಡೂ ಮಟ್ಟಗಳು ಕಡಿಮೆ ಇದ್ದವರು ಶೇ. 2.1 ಮಾತ್ರ. ಬರಿಯ ಅಂಕಿಯನ್ನೇ ಹಿಡಿದು ಎಣಿಸಿದ ಬೇರೆ ಸಮೀಕ್ಷೆಗಳಲ್ಲಿ ಮಧ್ಯವಯಸ್ಕರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ 'ಕೊರತೆ'ಯ ಪಟ್ಟಿಗೆ ಸೇರುತ್ತಾರೆ. ಲಕ್ಷಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಕೂಡಲೇ ಆ ದೊಡ್ಡ ಗುಂಪು ಕರಗಿ ಸಣ್ಣದಾಗುತ್ತದೆ. ಜಾಹೀರಾತುಗಳು ಉಲ್ಲೇಖಿಸುವುದು ಯಾವಾಗಲೂ ಆ ದೊಡ್ಡ ಅಂಕಿಯನ್ನೇ, ಇದನ್ನು ಓದುಗರು ಗಮನಿಸಬೇಕು.

ನಿಮಿರು ದೌರ್ಬಲ್ಯವೊಂದೇ ಇದ್ದಾಗಲೂ ಟೆಸ್ಟೋಸ್ಟೆರಾನ್ ಮೇಲೆ ಗುಮಾನಿ ಪಡುವುದು ವಾಡಿಕೆ. ಮಧ್ಯವಯಸ್ಸಿನಲ್ಲಿ ಅದರ ಮೂಲ ಹೆಚ್ಚಾಗಿ ರಕ್ತನಾಳಗಳಲ್ಲಿರುತ್ತದೆ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ. ಶಿಶ್ನದ ರಕ್ತನಾಳಗಳು ಹೃದಯದವಕ್ಕಿಂತ ಸಣ್ಣವು. ಅಲ್ಲಿ ಕಾಣಿಸಿದ ತೊಂದರೆ ಎದೆನೋವಿಗೆ ಕೆಲವು ವರ್ಷ ಮೊದಲೇ ಬರುವ ಮುನ್ಸೂಚನೆಯಾಗಿರಬಹುದು. ಹಾರ್ಮೋನ್ ಜೆಲ್ ಹಚ್ಚಿಕೊಂಡು ಹೃದಯದ ತಪಾಸಣೆಯನ್ನು ಬಿಟ್ಟವನು ಮುಖ್ಯವಾದ ಎಚ್ಚರಿಕೆಯೊಂದನ್ನು ಕಳೆದುಕೊಳ್ಳುತ್ತಾನೆ. ಇದರ ಪಕ್ಕದಲ್ಲೇ ನಮ್ಮ ಹಳೆಯ ಭಯವೊಂದಿದೆ. ವೀರ್ಯ ವ್ಯಯವಾದರೆ ಶಕ್ತಿ ಸೋರಿಹೋಗುತ್ತದೆ ಎಂಬ ನಂಬಿಕೆಯಿಂದ ಹುಟ್ಟುವ ಕಳವಳಕ್ಕೆ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಬಸ್ ನಿಲ್ದಾಣದ ಗೋಡೆಗಳ ಮೇಲಿನ ಧಾತು ದೌರ್ಬಲ್ಯದ ಜಾಹೀರಾತುಗಳು ಇಂದಿಗೂ ಬದುಕಿರುವುದು ಆ ಭಯದ ಮೇಲೆ. ಟೆಸ್ಟೋಸ್ಟೆರಾನ್ ವೃಷಣದಿಂದ ನೇರ ರಕ್ತಕ್ಕೆ ಸೇರುತ್ತದೆ. ವೀರ್ಯ ಹೊರಹೋದ ಮಾತ್ರಕ್ಕೆ ಹಾರ್ಮೋನಿನ ದಾಸ್ತಾನು ಖಾಲಿಯಾಗುವುದಿಲ್ಲ.

ಹೆಂಗಸರಿಗೆ ಮುಟ್ಟು ನಿಲ್ಲುವಂತೆ ಗಂಡಸರಿಗೂ ಒಂದು ಘಟ್ಟ ಬರುತ್ತದೆ, ಅದಕ್ಕೆ ಆಂಡ್ರೋಪಾಸ್ ಎನ್ನುತ್ತಾರೆ ಎಂಬ ಮಾತೂ ಹರಡಿದೆ. ಮುಟ್ಟು ನಿಲ್ಲುವಾಗ ಅಂಡಾಶಯದ ಕೆಲಸ ಕೆಲವೇ ವರ್ಷಗಳಲ್ಲಿ ನಿಂತುಹೋಗುತ್ತದೆ. ಗಂಡಸರಲ್ಲಿ ಹಾಗಾಗುವುದಿಲ್ಲ, ಇಳಿಕೆ ವರ್ಷಕ್ಕೆ ಶೇ. 1ರ ಆಸುಪಾಸು. ಅದರಲ್ಲೂ ಬಹುಪಾಲು ವಯಸ್ಸಿನಿಂದಲೇ ಆದದ್ದಲ್ಲ. ವಯಸ್ಸಿನೊಂದಿಗೆ ಕೂಡಿಕೊಳ್ಳುವ ಹೊಟ್ಟೆಯ ಬೊಜ್ಜು ಮತ್ತು ದೀರ್ಘಕಾಲದ ಕಾಯಿಲೆಗಳಿಂದ ಆದದ್ದು. ನಂಬಿಕೆ ತಲೆಕೆಳಗಾಗಿರುವುದು ಇಲ್ಲಿಯೇ. ಹಾರ್ಮೋನ್ ಕಡಿಮೆಯಾಗಿದ್ದರಿಂದ ಹೊಟ್ಟೆ ಬಂತು ಎನ್ನುತ್ತೇವೆ. ಹೆಚ್ಚಿನವರಲ್ಲಿ ಹೊಟ್ಟೆ ಬಂದದ್ದರಿಂದ ಹಾರ್ಮೋನ್ ಕಡಿಮೆಯಾಗಿರುತ್ತದೆ. ಟೈಪ್ 2 ಮಧುಮೇಹವಿರುವ ಗಂಡಸರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮಟ್ಟ ಕಡಿಮೆ ಇರುವುದು 2004ರಿಂದೀಚೆಗಿನ ಅಧ್ಯಯನಗಳಲ್ಲಿ ಕಂಡಿದೆ. ಐಸಿಎಂಆರ್‌ನ 2023ರ ಅಂದಾಜಿನಂತೆ ಭಾರತದಲ್ಲಿ ಮಧುಮೇಹಿಗಳು ಸುಮಾರು 10.1 ಕೋಟಿ. ಎರಡನ್ನೂ ಜೊತೆಗಿಟ್ಟು ನೋಡಿದರೆ, ನಮ್ಮ ಊರುಗಳ ಲ್ಯಾಬುಗಳಲ್ಲಿ 'ಲೋ' ಎಂಬ ಗುರುತು ಇಷ್ಟೊಂದು ಕಾಣುವುದರಲ್ಲಿ ಆಶ್ಚರ್ಯವಿಲ್ಲ. ತೂಕ ಗಣನೀಯವಾಗಿ ಇಳಿಸಿದವರಲ್ಲಿ ಟೆಸ್ಟೋಸ್ಟೆರಾನ್ ಯಾವ ಚುಚ್ಚುಮದ್ದೂ ಇಲ್ಲದೆ ಏರುತ್ತದೆ. ಹಾಗೆಯೇ, ಸುಸ್ತು ಎಂದು ಬಂದವರಲ್ಲಿ ರಕ್ತಹೀನತೆ, ಥೈರಾಯ್ಡ್, ಹಿಡಿತ ತಪ್ಪಿದ ಸಕ್ಕರೆ, ಖಿನ್ನತೆ, ಗೊರಕೆಯ ನಡುವೆ ಉಸಿರು ಕಟ್ಟುವ ತೊಂದರೆ ಇವುಗಳನ್ನು ಮೊದಲು ಹುಡುಕಬೇಕು. ಇವು ಹೆಚ್ಚು ಸಾಮಾನ್ಯ, ಚಿಕಿತ್ಸೆಗೂ ಬಗ್ಗುತ್ತವೆ.

ಇದಕ್ಕೆ ಬರುವ ಬಲವಾದ ಆಕ್ಷೇಪ ಹೀಗಿದೆ: ಕಾರಣ ಏನೇ ಇರಲಿ, ಕಡಿಮೆ ಇರುವುದನ್ನು ತುಂಬಿ ನೋಡುವುದರಲ್ಲಿ ತಪ್ಪೇನು? ತೆಗೆದುಕೊಂಡು ಚೇತರಿಸಿಕೊಂಡವರು ಇದ್ದಾರಲ್ಲ? ಚೇತರಿಸಿಕೊಂಡೆ ಎನಿಸುವುದು ನಿಜ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ 1889ರಲ್ಲಿ ಫ್ರಾನ್ಸಿನ ಶರೀರಶಾಸ್ತ್ರಜ್ಞ ಬ್ರೌನ್-ಸೆಕಾರ್ ಪ್ರಾಣಿಗಳ ವೃಷಣದ ಸಾರವನ್ನು ತನಗೇ ಚುಚ್ಚಿಕೊಂಡು, ಎಪ್ಪತ್ತೆರಡರ ವಯಸ್ಸಿನಲ್ಲಿ ಬಲ ಮರಳಿತು ಎಂದು ಘೋಷಿಸಿದ. ಅವನದೇ ವಿಧಾನದಲ್ಲಿ ಆ ಸಾರವನ್ನು ಮತ್ತೆ ತಯಾರಿಸಿ ಪರೀಕ್ಷಿಸಿದ ಆಸ್ಟ್ರೇಲಿಯಾದ ವೈದ್ಯರು, ಅದರಲ್ಲಿದ್ದ ಟೆಸ್ಟೋಸ್ಟೆರಾನ್ ಪರಿಣಾಮ ಬೀರಲಾರದಷ್ಟು ಅತ್ಯಲ್ಪ ಎಂದು 2002ರಲ್ಲಿ ತೋರಿಸಿದರು. ಇಂಥ ಅನುಭವಗಳನ್ನು ತೂಗಬೇಕಾದರೆ ಹುಸಿಮದ್ದಿನ ಜೊತೆ ಹೋಲಿಕೆ ಬೇಕೇ ಬೇಕು. ಅಂಥ ಹೋಲಿಕೆ 2016ರಲ್ಲಿ ಬಂತು. 65 ದಾಟಿದ, ಮಟ್ಟ 275ಕ್ಕಿಂತ ಕಡಿಮೆ ಇದ್ದ 790 ಅಮೆರಿಕನ್ನರಲ್ಲಿ ಒಂದು ವರ್ಷ ಜೆಲ್ ಹಚ್ಚಿ ನೋಡಿದಾಗ ಲೈಂಗಿಕ ಆಸಕ್ತಿ ಸಾಧಾರಣ ಪ್ರಮಾಣದಲ್ಲಿ ಹೆಚ್ಚಿತು. ಚೈತನ್ಯದ ಮುಖ್ಯ ಅಳತೆಯಲ್ಲಿ ಹುಸಿಮದ್ದಿಗಿಂತ ಗಮನಾರ್ಹ ಲಾಭ ಕಾಣಲಿಲ್ಲ. ಸುಸ್ತಿಗೆಂದೇ ಇದನ್ನು ಕೇಳುವವರು ಈ ಫಲಿತಾಂಶವನ್ನು ತಿಳಿದಿರಬೇಕು.

ಅಪಾಯದ ಲೆಕ್ಕವನ್ನೂ ಪ್ರಾಮಾಣಿಕವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಎರಡೂ ಕಡೆ ಉತ್ಪ್ರೇಕ್ಷೆಯಿದೆ. ಹೃದಯಾಘಾತ ಹೆಚ್ಚುತ್ತದೆ ಎಂಬ ಭಯ ಬಹುಕಾಲ ಇತ್ತು. ಹೃದ್ರೋಗವಿದ್ದ ಅಥವಾ ಅದರ ಅಪಾಯ ಹೆಚ್ಚಿದ್ದ ಸುಮಾರು 5,200 ಗಂಡಸರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಪ್ರಯೋಗದಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯಸಂಬಂಧಿ ಸಾವು ಸೇರಿ ಜೆಲ್ ಗುಂಪಿನಲ್ಲಿ ಶೇ. 7.0, ಹುಸಿಮದ್ದಿನ ಗುಂಪಿನಲ್ಲಿ ಶೇ. 7.3. ಅಂದರೆ ಆ ಭಯಕ್ಕೆ ಆಧಾರ ಸಿಗಲಿಲ್ಲ. ಆದರೆ ಹೃದಯದ ಲಯ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಮೂತ್ರಪಿಂಡಕ್ಕೆ ಹಠಾತ್ ಪೆಟ್ಟು ಇವು ಜೆಲ್ ಗುಂಪಿನಲ್ಲಿ ಹೆಚ್ಚು ಕಂಡವು. ಮೂಳೆ ಗಟ್ಟಿಯಾಗುತ್ತದೆ ಎಂದು ನಿರೀಕ್ಷಿಸಿದ್ದವರಿಗೆ ಮೂಳೆ ಮುರಿತಗಳೇ ಹೆಚ್ಚಾಗಿ ಕಂಡದ್ದು ಅನಿರೀಕ್ಷಿತ. ಇವೆಲ್ಲಕ್ಕಿಂತ ನಮ್ಮ ಯುವಕರಿಗೆ ಮತ್ತು ನಲವತ್ತರ ಆಸುಪಾಸಿನವರಿಗೆ ಮುಟ್ಟಿಸಬೇಕಾದ ಸಂಗತಿ ಬೇರೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಕಳಿಸುವ ಆಜ್ಞೆಯನ್ನು ನಿಲ್ಲಿಸುತ್ತದೆ, ವೀರ್ಯಾಣುಗಳ ತಯಾರಿಕೆ ಕುಸಿಯುತ್ತದೆ, ಕೆಲವರಲ್ಲಿ ಪೂರ್ತಿ ನಿಲ್ಲುತ್ತದೆ. ಮಗು ಬೇಕೆನ್ನುವವರು, 'ಗಂಡಸುತನ' ಹೆಚ್ಚುತ್ತದೆಂದು ಜಿಮ್ಮಿನಲ್ಲಿ ಯಾರೋ ಕೊಟ್ಟ ಇಂಜೆಕ್ಷನ್ ತೆಗೆದುಕೊಂಡು ತಮ್ಮ ಸಂತಾನಶಕ್ತಿಯನ್ನೇ ಕಳೆದುಕೊಳ್ಳುತ್ತಾರೆ. ನಿಲ್ಲಿಸಿದ ಮೇಲೆ ಚೇತರಿಕೆಗೆ ತಿಂಗಳುಗಳು, ಕೆಲವೊಮ್ಮೆ ವರ್ಷವೇ ಬೇಕು.

ಹಾಗಾದರೆ ಈ ಪರೀಕ್ಷೆಯೇ ಬೇಡವೇ? ಖಂಡಿತ ಬೇಕು, ಬೇಕಾದವರಿಗೆ. ನಿಜವಾದ ಕೊರತೆ ಇದೆ, ಅದನ್ನು ವರ್ಷಗಟ್ಟಲೆ ಗುರುತಿಸದೆ ಬಿಟ್ಟಿರುವ ಉದಾಹರಣೆಗಳೂ ಬಹಳ. ಸುಮಾರು 600 ಗಂಡುಮಕ್ಕಳಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಇರುವ ಕ್ಲೈನ್‌ಫೆಲ್ಟರ್ ಸಿಂಡ್ರೋಮ್ ಹೆಚ್ಚಿನವರಲ್ಲಿ ಪತ್ತೆಯಾಗುವುದೇ ಇಲ್ಲ. ಮಂಗಬಾವು ವೃಷಣಕ್ಕೆ ತಗುಲಿದವರು, ದೀರ್ಘಕಾಲ ಅಫೀಮು ಮೂಲದ ನೋವಿನ ಮಾತ್ರೆ ನುಂಗಿದವರು, ಪಿಟ್ಯುಟರಿಯಲ್ಲಿ ಗಡ್ಡೆ ಇರುವವರು ಇವರಿಗೆ ಅಂಕಿ ಹೇಳುವುದು ನಿಜವೇ. ಅದಕ್ಕೇ ಎರಡು ಸಲ ಕಡಿಮೆ ಬಂದ ಮೇಲೆ, ಪಿಟ್ಯುಟರಿಯ ಆಜ್ಞೆಯನ್ನು ವೃಷಣಕ್ಕೆ ಒಯ್ಯುವ ಹಾರ್ಮೋನುಗಳಾದ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಪರೀಕ್ಷೆ ತಪ್ಪಿಸುವಂತಿಲ್ಲ. ಅವು ಏರಿದ್ದರೆ ದೋಷ ವೃಷಣದಲ್ಲಿ. ಟೆಸ್ಟೋಸ್ಟೆರಾನ್ ಕಡಿಮೆ ಇದ್ದೂ ಅವು ಏರಿರದಿದ್ದರೆ ತೊಡಕು ಮೆದುಳಿನ ಕಡೆಯದು. ಆಗ ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಪಿಟ್ಯುಟರಿ ಹಾರ್ಮೋನನ್ನು ನೋಡಬೇಕು, ತಲೆನೋವು ಅಥವಾ ದೃಷ್ಟಿಯ ತೊಂದರೆ ಇದ್ದರೆ ಎಂಆರ್‌ಐ ಮಾಡಿಸಬೇಕು. ಈ ಹೆಜ್ಜೆ ಬಿಟ್ಟು ನೇರ ಇಂಜೆಕ್ಷನ್ ಬರೆದುಕೊಟ್ಟರೆ ಗಡ್ಡೆ ಇದ್ದಲ್ಲೇ ಬೆಳೆಯುತ್ತಿರುತ್ತದೆ.

ಕೊರತೆ ಖಚಿತವಾಗಿ ಚಿಕಿತ್ಸೆ ಶುರುವಾದರೆ ಪ್ರಾಸ್ಟೇಟ್ ಮತ್ತು ರಕ್ತದ ಸಾಂದ್ರತೆಯ ಮೇಲೆ ನಿಗಾ ಬೇಕು, ಆ ಸಾಂದ್ರತೆಯ ಅಳತೆಯಾದ ಹಿಮಾಟೊಕ್ರಿಟ್ ಶೇ. 54 ದಾಟಿದರೆ ಔಷಧ ನಿಲ್ಲಿಸಬೇಕಾಗುತ್ತದೆ. ವಯಸ್ಸಿನಿಂದಾದ ಇಳಿಕೆಗೆ ಔಷಧ ಕೊಡುವ ಬಗ್ಗೆ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2020ರಲ್ಲಿ ಕೊಟ್ಟ ಸಲಹೆ ಸ್ಪಷ್ಟವಾಗಿದೆ: ಲೈಂಗಿಕ ತೊಂದರೆಗೆ ಮಾತ್ರ ಯೋಚಿಸಿ, ಚೈತನ್ಯಕ್ಕೂ ನೆನಪಿನ ಶಕ್ತಿಗೂ ಬೇಡ, ಹನ್ನೆರಡು ತಿಂಗಳೊಳಗೆ ಗುಣ ಕಾಣದಿದ್ದರೆ ನಿಲ್ಲಿಸಿ. ರಿಪೋರ್ಟ್ ಹಿಡಿದು ವೈದ್ಯರ ಬಳಿ ಹೋಗುವವರು ರಕ್ತ ಕೊಟ್ಟ ಹೊತ್ತು, ಹಿಂದಿನ ರಾತ್ರಿಯ ನಿದ್ದೆ, ನುಂಗುತ್ತಿರುವ ಮಾತ್ರೆಗಳು, ಇನ್ನು ಮಗು ಬೇಕೇ ಎಂಬುದು ಈ ನಾಲ್ಕನ್ನೂ ಚೀಟಿಯಲ್ಲಿ ಬರೆದುಕೊಂಡು ಹೋದರೆ ಅರ್ಧ ಮಾತುಕತೆ ಅಲ್ಲಿಯೇ ಮುಗಿಯುತ್ತದೆ.