ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಬೈಕು: ಕೊಳ್ಳುವ ಮುಂಚೆ, ಕೊಂಡ ಮೇಲೆ

ಅಕ್ಕನ ಮಗನಿಗೆ ಬೆಂಗಳೂರಿನಿಂದ ಐರೋಲಿಯ ಆಫೀಸಿಗೆ ವರ್ಗವಾಯಿತು. ಉಳಿಯುವುದು ವರ್ತಕ ನಗರದ ನಮ್ಮ ಮನೆಯಲ್ಲೇ ಎಂದು ನಿಶ್ಚಯವಾಗಿತ್ತು. ಹೊರಡುವ ಮುನ್ನಾದಿನ ಫೋನ್ ಮಾಡಿ, "ಮಾವ, ನಾನೊಬ್ಬನೇ ಅಲ್ಲ, ಬೈಕೂ ಬರ್ತದೆ" ಎಂದ. ಯಾವ ಬೈಕು ಎಂದರೆ ಕೆಟಿಎಂ ಆರ್‌ಸಿ 390, ಯಾರೋ ಓಡಿಸಿ ಬಿಟ್ಟದ್ದು. ಪೆಟ್ರೋಲ್ ಖಾಲಿ ಮಾಡಿ, ಗೋಣಿ ಸುತ್ತಿ ರೈಲಿನ ಪಾರ್ಸೆಲ್‌ನಲ್ಲಿ ಹಾಕಿಸಿದ್ದ. ಕಲ್ಯಾಣದಲ್ಲಿ ಇಳಿಸಿಕೊಂಡೆವು. ಆಮೇಲೆ ಏಳು ತಿಂಗಳು ಅದು ಸೊಸೈಟಿಯ ಕೆಳಗೆ ಕವರ್ ಹೊದ್ದು ನಿಂತಿತು. ಬೈಕಿನ ಹೆಸರಿನಲ್ಲೇ ಆರ್‌ಸಿ ಇದೆ, ಇವನ ಹೆಸರಿನಲ್ಲಿ ಮಾತ್ರ ಆರ್‌ಸಿ ಇರಲಿಲ್ಲ!

ಆದದ್ದು ಇಷ್ಟು. ಮಾರಿದವನು ಸಾಲದ ಮೇಲೆ ಕೊಂಡಿದ್ದ. ಸಾಲ ತೀರಿಸಿದ್ದನಂತೆ, ಆದರೆ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿರಲಿಲ್ಲ. ಅದಕ್ಕೆ ಬ್ಯಾಂಕಿನ ಪತ್ರದ ಜೊತೆ ಫಾರಂ 35 ಬೇಕು. ಕರ್ನಾಟಕದ ಗಾಡಿ ಮಹಾರಾಷ್ಟ್ರಕ್ಕೆ ಬರಲು ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು, ಅದು ಫಾರಂ 28. ಹೆಸರು ಬದಲಾವಣೆಗೆ 29 ಮತ್ತು 30. ಇವಕ್ಕೆಲ್ಲ ಮಾರಿದವನ ಸಹಿ ಬೇಕು, ಆತ ಅಷ್ಟರಲ್ಲಿ ವಿದೇಶಕ್ಕೆ ಹೋಗಿದ್ದ. ಆದ್ದರಿಂದ ಹಣ ಕೊಡುವ ಮೊದಲೇ ಸಹಿ ಹಾಕಿಸಿಕೊಳ್ಳಿ, ಚಾಸಿ ನಂಬರಿನ ಪೆನ್ಸಿಲ್ ಅಚ್ಚು ತೆಗೆದುಕೊಳ್ಳಿ. ಬಾಕಿ ದಂಡ, ಸಾಲದ ನಮೂದು ಎಲ್ಲವೂ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಎರಡು ನಿಮಿಷದಲ್ಲಿ ಕಾಣುತ್ತವೆ. ನಮ್ಮ ಹುಡುಗ ಅದನ್ನು ನೋಡಿರಲಿಲ್ಲ, ಟ್ಯಾಂಕಿನ ಬಣ್ಣ ನೋಡಿದ್ದ.

"ಕೆಎ ನಂಬರಿನಲ್ಲೇ ಓಡಿಸಿದರಾಯಿತು" ಎನ್ನುವವರು ನಮ್ಮವರಲ್ಲಿ ಬಹಳ. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಕಾನೂನಿನ ಪ್ರಕಾರ ಇಲ್ಲಿನ ನಂಬರ್ ಪಡೆಯಲೇಬೇಕು: ಠಾಣೆಯವರಿಗೆ ಎಂಎಚ್ 04, ಕಲ್ಯಾಣ ಡೊಂಬಿವಲಿಯವರಿಗೆ 05, ನವಿ ಮುಂಬಯಿಯವರಿಗೆ 43. ಇಲ್ಲಿ ತೆರಿಗೆ ಕಟ್ಟಿ, ಅಲ್ಲಿ ಕಟ್ಟಿದ್ದರಲ್ಲಿ ಉಳಿದ ಅವಧಿಯದ್ದನ್ನು ವಾಪಸು ಕೇಳಬಹುದು. ಮಾರುವವರಿಗೂ ಒಂದು ಮಾತು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರಕ್ಕೂ ಅವರೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಗಾಡಿ ಎಷ್ಟು ಕೈ ದಾಟಿದ್ದರೂ ಸರಿಯೇ.

ವಿಮೆಯಲ್ಲೂ ಒಂದು ಸೂಕ್ಷ್ಮವಿದೆ. ಈ ಬೈಕಿನ ಎಂಜಿನ್ 373 ಸಿಸಿ. 2022ರಲ್ಲಿ ನಿಗದಿಯಾದ ದರದಂತೆ 350 ಸಿಸಿ ದಾಟಿದರೆ ಥರ್ಡ್ ಪಾರ್ಟಿ ವಿಮೆ ವರ್ಷಕ್ಕೆ 2,804 ರೂಪಾಯಿ, ದಾಟದಿದ್ದರೆ 1,366. ಇಪ್ಪತ್ಮೂರು ಸಿಸಿಗೆ ದುಪ್ಪಟ್ಟು! ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಅವನ ಜೊತೆಗೇ ಹೋಗುತ್ತದೆ.

ಇನ್ನು ಗಾಡಿಯ ಪರೀಕ್ಷೆ. ನೋಡಲು ಹೋದಾಗ ಮೊದಲು ಎಂಜಿನ್ ಮೇಲೆ ಕೈಯಿಟ್ಟು ನೋಡಿ. ಬಿಸಿಯಾಗಿದ್ದರೆ ಮಾರುವವನು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾನೆ ಎಂದರ್ಥ. ತಣ್ಣಗಿರುವಾಗಲೇ ಅದರ ನಿಜವಾದ ದನಿ ಕೇಳಿಸುವುದು. ಹ್ಯಾಂಡಲಿನ ತುದಿ, ಬ್ರೇಕ್ ಲಿವರಿನ ತುದಿ, ಫುಟ್‌ರೆಸ್ಟ್ ಈ ಮೂರೂ ಒಂದೇ ಬದಿಗೆ ಉಜ್ಜಿದ್ದರೆ ಬೈಕು ಆ ಬದಿಗೆ ಬಿದ್ದಿದೆ. ಹೊರಗಿನ ಪ್ಲಾಸ್ಟಿಕ್ ಹೊಸದಾಗಿ ಹೊಳೆಯುತ್ತಿದ್ದರೆ ಇನ್ನೂ ಹೆಚ್ಚು ಸಂಶಯ ಪಡಿ. ಮುಂದಿನ ಫೋರ್ಕಿನ ಕೊಳವೆಗಳ ಮೇಲೆ ಎಣ್ಣೆಯ ಗೆರೆ ಇರಬಾರದು. ಎಬಿಎಸ್ ದೀಪ ಗಾಡಿ ಚಲಿಸಿದ ಕೂಡಲೇ ಆರಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆ ಇರುತ್ತವೆ. 2319 ಎಂದಿದ್ದರೆ 2019ರ ಇಪ್ಪತ್ಮೂರನೇ ವಾರದಲ್ಲಿ ತಯಾರಾದದ್ದು. ಗೆರೆಗಳು ಎಷ್ಟು ಆಳವಿದ್ದರೂ ಅಷ್ಟು ಹಳೆಯ ರಬ್ಬರು ಮಳೆಯಲ್ಲಿ ಹಿಡಿಯುವುದಿಲ್ಲ. ಎರಡೂ ಟೈರಿನ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತನಾಡಿ.

ನಮ್ಮ ಬೈಕು ನಿಂತಲ್ಲೇ ಕೆಟ್ಟಿತು. ಬ್ಯಾಟರಿ ಸತ್ತಿತು, ಟ್ಯಾಂಕಿಗೆ ಹಾಕಿದ್ದ ಪೆಟ್ರೋಲ್ ಹಳಸಿತು, ಇಲಿ ಒಂದು ವೈರನ್ನು ಕಡಿದಿತ್ತು. ಓಡಿಸದೆ ಇಡಬೇಕಾಗಿ ಬಂದರೆ ಬ್ಯಾಟರಿ ಬಿಚ್ಚಿಟ್ಟು ಆಗಾಗ ಚಾರ್ಜ್ ಮಾಡಿ, ಟೈರಿಗೆ ಗಾಳಿ ತುಂಬಿಸಿ, ವಾರಕ್ಕೊಮ್ಮೆ ತಳ್ಳಿ ಚಕ್ರದ ಜಾಗ ಬದಲಿಸಿ.

ಓಡಿಸುವವರು ಅದರ ಚೈನನ್ನು ಮರೆಯಬಾರದು. ಐನೂರು ಕಿಲೋಮೀಟರಿಗೊಮ್ಮೆ, ಮಳೆಗಾಲದಲ್ಲಿ ಇನ್ನೂ ಬೇಗ, ಒರೆಸಿ ಲ್ಯೂಬ್ ಹಾಕಬೇಕು. ಆಗ ಎಂಜಿನ್ ಆಫ್ ಇರಲಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ. ಗೇರಿನಲ್ಲಿ ಓಡುವ ಚೈನಿಗೆ ಬಟ್ಟೆ ಹಿಡಿದು ಬೆರಳು ಕಳೆದುಕೊಂಡವರಿದ್ದಾರೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಘೋಡ್‌ಬಂದರ್ ರಸ್ತೆಯ ಟ್ರಾಫಿಕ್‌ನಲ್ಲಿ ನಿಂತಾಗ ರೇಡಿಯೇಟರಿನ ಫ್ಯಾನು ಗುಂಯ್‌ಗುಟ್ಟಿ ಕಾಲಿಗೆ ಬಿಸಿಗಾಳಿ ಹೊಡೆಯುತ್ತದೆ. ಅದು ರೋಗವಲ್ಲ. ಫ್ಯಾನು ತಿರುಗದೆ ಬಿಸಿಯ ಸೂಚನೆ ಮೇಲೇರಿದರೆ ಮಾತ್ರ ಬದಿಗೆ ನಿಲ್ಲಿಸಿ, ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ.

ನೂರು ಸಿಸಿಯ ಬೈಕಿನಲ್ಲಿ ಸುಮಾರು ಎಂಟು ಅಶ್ವಶಕ್ತಿ, ಇದರಲ್ಲಿ ನಲವತ್ತಕ್ಕಿಂತ ಹೆಚ್ಚು. ಒದ್ದೆ ರಸ್ತೆಯ ಬಿಳಿ ಪಟ್ಟೆಯ ಮೇಲೆ ಅವಸರದಿಂದ ಥ್ರಾಟಲ್ ತಿರುಗಿಸಿದರೆ ಹಿಂದಿನ ಚಕ್ರ ಜಾರಿಯೇ ಜಾರುತ್ತದೆ. ಭಾರವನ್ನು ಮಣಿಕಟ್ಟಿನ ಮೇಲೆ ಹಾಕದೆ ಮೊಣಕಾಲಿನಿಂದ ಟ್ಯಾಂಕ್ ಹಿಡಿದು ಕೂರಬೇಕು, ಇಲ್ಲವಾದರೆ ಐರೋಲಿ ತಲುಪುವಷ್ಟರಲ್ಲೇ ಕೈ ಜೋಮು ಹಿಡಿಯುತ್ತದೆ. ಯೇಊರಿನ ಗುಡ್ಡದಲ್ಲಿ ಪಂದ್ಯ ಕಟ್ಟುವ ಹುಡುಗರನ್ನು ಕಂಡರೆ ನನಗಾಗುವುದಿಲ್ಲ. ಅದು ರಾಷ್ಟ್ರೀಯ ಉದ್ಯಾನದ ಕಾಡು, ಚಿರತೆ ಓಡಾಡುವ ಜಾಗ. ಪುಣೆಗೆ ಹೋಗುವವರು ನೆನಪಿಡಿ, ಎಕ್ಸ್‌ಪ್ರೆಸ್ ಹೈವೇಯಲ್ಲಿ ದ್ವಿಚಕ್ರಕ್ಕೆ ಪ್ರವೇಶವಿಲ್ಲ, ಪನವೇಲ್, ಖೋಪೋಲಿಯ ಹಳೆಯ ರಸ್ತೆಯೇ ಗತಿ.

ಈಗ ಅಳಿಯನ ಬೈಕಿಗೆ ಎಂಎಚ್ 04 ನಂಬರ್ ಬಂದಿದೆ. ಭಾನುವಾರ ಬೆಳಗ್ಗೆ ಮುರಬಾಡ್ ದಾಟಿ ಮಾಳ್ಶೇಜ್ ಘಾಟಿನವರೆಗೆ ಹೋಗಿ ಊಟದ ಹೊತ್ತಿಗೆ ಬರುತ್ತಾನೆ. ಹೆಲ್ಮೆಟ್, ಜಾಕೆಟ್, ಕೈಗವಸು ಎಲ್ಲ ಹಾಕಿಕೊಂಡಿದ್ದಾನೋ ಎಂದು ನನ್ನ ಹೆಂಡತಿ ಬಾಲ್ಕನಿಯಿಂದ ನೋಡುತ್ತಾಳೆ. ಒಂದು ಕಡಿಮೆಯಾದರೂ ಬೈಕಿನ ಕೀ ನಮ್ಮ ಫ್ರಿಜ್ ಮೇಲೆಯೇ ಉಳಿಯುತ್ತದೆ.