ನಿಮಗಿದು ಗೊತ್ತೇ? ಅಮೆರಿಕದ ಡೈವೋರ್ಸ್ ಕಡತ ಎಲ್ಲಿರುತ್ತೆ, ಹೇಗೆ ಸಿಗುತ್ತೆ?

ಅಮೆರಿಕದಲ್ಲಿ ಡೈವೋರ್ಸ್ ಆದವರ ಹೆಸರೆಲ್ಲ ಒಂದೇ ಕಡೆ ಸಿಗುವ ರಾಷ್ಟ್ರಮಟ್ಟದ ರಿಜಿಸ್ಟರ್ ಇಲ್ಲವೇ ಇಲ್ಲ. ಮದುವೆ, ವಿಚ್ಛೇದನ ಎರಡೂ ರಾಜ್ಯಗಳ ಕಾನೂನಿಗೆ ಸೇರಿದವು. ಫೆಡರಲ್ ಕೋರ್ಟುಗಳ ಕಡತ ತೋರಿಸುವ ‘ಪೇಸರ್’ ಜಾಲತಾಣದಲ್ಲಿ ಎಷ್ಟು ತಡಕಾಡಿದರೂ ಗಂಡ-ಹೆಂಡಿರ ಕೇಸು ಸಿಗದು. ಅಮೆರಿಕದಲ್ಲಿ ನಮ್ಮ ಜಿಲ್ಲೆಗಳಂಥ ಕೌಂಟಿಗಳು 3,100ಕ್ಕೂ ಹೆಚ್ಚು. ಡಿಕ್ರಿ ಕೊಟ್ಟ ಕೌಂಟಿ ಯಾವುದೋ, ಸಾಮಾನ್ಯವಾಗಿ ಅಲ್ಲಿನ ಕೋರ್ಟ್ ಕ್ಲರ್ಕ್ ಹತ್ತಿರವೇ ಕಡತ.

ಮದುವೆ ಎಲ್ಲಾಯಿತು ಎಂಬುದು ಈ ಹುಡುಕಾಟದಲ್ಲಿ ಲೆಕ್ಕಕ್ಕಿಲ್ಲ. ಮೈಸೂರಿನ ಛತ್ರದಲ್ಲಿ ಧಾರೆಯಾಗಿದ್ದರೂ, ಡೈವೋರ್ಸ್ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಆಗಿದ್ದರೆ ಕಡತ ಸಾಂಟಾ ಕ್ಲಾರಾ ಕೌಂಟಿಯದ್ದು. ಕ್ಯಾಲಿಫೋರ್ನಿಯಾದಲ್ಲಿ ಕೇಸು ಹಾಕಲು ದಂಪತಿಯಲ್ಲಿ ಒಬ್ಬರಾದರೂ ರಾಜ್ಯದಲ್ಲಿ 6 ತಿಂಗಳು, ಆ ಕೌಂಟಿಯಲ್ಲಿ 3 ತಿಂಗಳು ಇದ್ದಿರಬೇಕು. ಹಾಗಾಗಿ ಗಂಡ ಸನ್ನಿವೇಲ್‌ನಲ್ಲಿ, ಹೆಂಡತಿ ಫ್ರೀಮಾಂಟ್‌ನಲ್ಲಿ ಇದ್ದ ಕಾಲದ ಕೇಸಾದರೆ ಸಾಂಟಾ ಕ್ಲಾರಾ, ಅಲಮೀಡಾ ಎರಡೂ ಕೌಂಟಿಗಳಲ್ಲಿ ಹುಡುಕಬೇಕು. ಕಾರಿನಲ್ಲಿ ಅರ್ಧ ಗಂಟೆಯ ದಾರಿ, ಆದರೆ ಒಂದು ಕೋರ್ಟಿನ ಪುಸ್ತಕದಲ್ಲಿ ಇನ್ನೊಂದರ ಸುಳಿವಿರದು.

‘ಡೈವೋರ್ಸ್ ಪೇಪರ್’ ಎಂದು ನಾವು ಒಂದೇ ಉಸಿರಿನಲ್ಲಿ ಕರೆಯುವುದು ಅಲ್ಲಿ ಮೂರು ಬೇರೆ ಬೇರೆ ಕಾಗದ. ಒಂದು, ಸರ್ಟಿಫಿಕೇಟ್: ರಾಜ್ಯದ ಆರೋಗ್ಯ ಇಲಾಖೆ ಕೊಡುವುದು. ಅದರಲ್ಲಿ ಹೆಸರು, ದಿನಾಂಕ, ಊರು ಬಿಟ್ಟರೆ ಹೆಚ್ಚೇನೂ ಇರದು. ಎರಡು, ಡಿಕ್ರಿ: ನ್ಯಾಯಾಧೀಶರ ಸಹಿಯ ಆದೇಶ. ಮಗು ಯಾರ ಬಳಿ, ಮನೆ ಯಾರಿಗೆ, ಹೆಂಡತಿ ತವರಿನ ಹೆಸರಿಗೆ ಮರಳಿದಳೇ ಎಂಬುದೆಲ್ಲ ಇರುವುದು ಇದರಲ್ಲಿ. ಮೂರನೆಯದು ಇಡೀ ಕಡತ: ಅರ್ಜಿ, ಪ್ರಮಾಣಪತ್ರ, ಆಸ್ತಿಪಟ್ಟಿ, ಜಗಳದ ಪ್ರತಿಯೊಂದು ಹಾಳೆ. ಮರುಮದುವೆ, ವೀಸಾ, ಪಾಸ್‌ಪೋರ್ಟಿನಲ್ಲಿ ಹೆಸರು ಬದಲಾವಣೆಗೆ ಸಾಮಾನ್ಯವಾಗಿ ಬೇಕಾಗುವುದು ಡಿಕ್ರಿಯ ದೃಢೀಕೃತ ನಕಲು. ಸರ್ಟಿಫಿಕೇಟ್ ತರಿಸಿಕೊಂಡು ಕೌಂಟರಿನಿಂದ ವಾಪಸಾಗುವವರು ಕಮ್ಮಿಯಿಲ್ಲ.

ಆ ಸರ್ಟಿಫಿಕೇಟೂ ಎಲ್ಲ ವರ್ಷಗಳಿಗೆ ಸಿಗುವುದಿಲ್ಲ. ಫ್ಲೋರಿಡಾ ರಾಜ್ಯದ ಕಚೇರಿಯಲ್ಲಿ ಜೂನ್ 1927ರಿಂದ ಇದೆ, ನ್ಯೂಯಾರ್ಕ್‌ನಲ್ಲಿ 1963ರಿಂದ. ಟೆಕ್ಸಾಸ್ 1968ರಿಂದೀಚಿನವಕ್ಕೆ ಬರೀ ‘ಹೌದು, ಆಗಿದೆ’ ಎನ್ನುವ ಪತ್ರ ಕೊಡುತ್ತದೆ, ಅದು ಡಿಕ್ರಿಗೆ ಬದಲಿಯಲ್ಲ. ಕ್ಯಾಲಿಫೋರ್ನಿಯಾದ್ದು ಇನ್ನೂ ತಮಾಷೆ. ರಾಜ್ಯದ ಬಳಿ ಇರುವುದು 1962ರಿಂದ ಜೂನ್ 1984ರವರೆಗಿನದ್ದು ಮಾತ್ರ. ಹಿಂದಿನದಕ್ಕೂ ಮುಂದಿನದಕ್ಕೂ ಕೌಂಟಿಯ ಬಾಗಿಲೇ ಗತಿ.

ನ್ಯೂಯಾರ್ಕ್‌ನಲ್ಲಿ ಡೈವೋರ್ಸ್ ಕೊಡುವುದು ಸುಪ್ರೀಂ ಕೋರ್ಟ್! ಗಾಬರಿ ಬೇಡ, ಆ ರಾಜ್ಯದಲ್ಲಿ ವಿಚಾರಣಾ ನ್ಯಾಯಾಲಯಕ್ಕೇ ಆ ದೊಡ್ಡ ಹೆಸರು. ಕಡತ ಕೌಂಟಿ ಕ್ಲರ್ಕ್ ಬಳಿ ಇರುತ್ತದೆ, ಆದರೆ 100 ವರ್ಷ ಬೀಗಮುದ್ರೆ. ದಂಪತಿ ಮತ್ತು ಅವರ ವಕೀಲರನ್ನು ಬಿಟ್ಟರೆ ಬೇರೆಯವರು ನೋಡಬೇಕೆಂದರೆ ಕೋರ್ಟಿನ ಆದೇಶ ಬೇಕು. ಹೆತ್ತ ಮಕ್ಕಳಿಗೂ ಇದೇ ನಿಯಮ. ಬೇರೆ ಎಷ್ಟೋ ರಾಜ್ಯಗಳಲ್ಲಿ, ಮೊಹರು ಹಾಕಿಟ್ಟ ಹಾಳೆಗಳನ್ನು ಬಿಟ್ಟು ಉಳಿದದ್ದನ್ನು ಯಾರು ಬೇಕಾದರೂ ಹೋಗಿ ಓದಬಹುದು. ನನ್ನನ್ನು ಕೇಳಿದರೆ ಎರಡೂ ಅತಿಯೇ.

ಕಡತ ಇಟ್ಟುಕೊಳ್ಳುವ ಕ್ಲರ್ಕಿನ ಹುದ್ದೆಗೂ ಎಲ್ಲೆಡೆ ಒಂದೇ ಹೆಸರಿಲ್ಲ: ಪೆನ್ಸಿಲ್ವೇನಿಯಾದ ಹಲವು ಕೌಂಟಿಗಳಲ್ಲಿ ಕೇಳಬೇಕಾದವರು ‘ಪ್ರೊಥೊನೊಟರಿ’, ಟೆಕ್ಸಾಸಿನಲ್ಲಿ ‘ಡಿಸ್ಟ್ರಿಕ್ಟ್ ಕ್ಲರ್ಕ್’. ಲೂಯಿಸಿಯಾನದಲ್ಲಂತೂ ಕೌಂಟಿಗಳೇ ಇಲ್ಲ, 64 ‘ಪ್ಯಾರಿಷ್’ಗಳಿವೆ.

ನಕಲು ಕೇಳುವ ಅರ್ಜಿ ಫಾರಂನಲ್ಲಿ ಮೊದಲು ಬರೆಯಬೇಕಾದದ್ದು ಇಬ್ಬರ ಹೆಸರು, ಅದೂ ಕೇಸು ನಡೆದಾಗ ಇದ್ದಂತೆ. ನಮ್ಮವರು ಎಡವುವುದು ಇಲ್ಲೇ. ನಮ್ಮ ಇನಿಶಿಯಲ್ಲು ಅಲ್ಲಿ ಹಿಗ್ಗಿ ಊರಿನ ಹೆಸರೋ ಅಪ್ಪನ ಹೆಸರೋ ಆಗಿ ಸರ್‌ನೇಮ್ ಜಾಗದಲ್ಲಿ ಕೂತಿರುತ್ತದೆ, ಕೋರ್ಟಿನ ಸೂಚಿ ಇರುವುದೂ ಸರ್‌ನೇಮ್ ಪ್ರಕಾರ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬರುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂದರ್ಥ. ಕೋರ್ಟಿನ ಸೂಚಿಯಲ್ಲೂ ಅದೇ ದಾಖಲಾಗಿರಬಹುದು, ಹಾಗೆಯೂ ಒಮ್ಮೆ ಹುಡುಕಿ ನೋಡಿ. ಅರ್ಜಿದಾರ, ಪ್ರತಿವಾದಿ ಎರಡೂ ಹೆಸರಿನಲ್ಲಿ ಹುಡುಕಿ. ಕೇಸ್ ನಂಬರ್ ಸಿಕ್ಕಿತೆಂದರೆ ಮುಕ್ಕಾಲು ಕೆಲಸ ಮುಗಿದಂತೆ.

ನಂಬರ್ ಇಲ್ಲದಿದ್ದರೆ ಹುಡುಕುವುದಕ್ಕೂ ಶುಲ್ಕ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ 10 ನಿಮಿಷ ಮೀರಿದ ಹುಡುಕಾಟಕ್ಕೆ 15 ಡಾಲರ್, ಸಾದಾ ನಕಲಿಗೆ ಪುಟಕ್ಕೆ 50 ಸೆಂಟ್ ಎಂದಿದೆ. ಕಡತ ಎಷ್ಟು ಪುಟವೆಂದು ಅಂಚೆಯಲ್ಲಿ ಕೇಳುವವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೊಂದು ಉಪಾಯವಿದೆ. ಚೆಕ್ಕಿನಲ್ಲಿ ಮೊತ್ತ ಖಾಲಿ ಬಿಟ್ಟು, ‘ಇಷ್ಟು ಡಾಲರ್ ಮೀರಬಾರದು’ ಎಂದು ಬರೆದು ಕಳಿಸಿದರೆ ಕ್ಲರ್ಕ್ ಲೆಕ್ಕ ಹಾಕಿ ತುಂಬಿಕೊಳ್ಳುವ ಪದ್ಧತಿ ಅಲ್ಲಿನ ಹಲವು ಕೋರ್ಟುಗಳಲ್ಲಿದೆ. ಜೊತೆಗೆ ಸ್ವವಿಳಾಸದ ಲಕೋಟೆ, ಅದಕ್ಕೆ ಅಮೆರಿಕದ್ದೇ ಸ್ಟಾಂಪು. ಜಯನಗರದ ಪೋಸ್ಟ್ ಆಫೀಸಿನ ಸ್ಟಾಂಪು ಅಂಟಿಸಿ ಕಳಿಸಿದರೆ ಲಕೋಟೆ ಅಲ್ಲೇ ಉಳಿಯುತ್ತದೆ. ಅಲ್ಲಿರುವ ನೆಂಟರೊಬ್ಬರನ್ನು ಹಿಡಿಯುವುದೇ ಸುಲಭ.

ಸಿಲಿಕಾನ್ ವ್ಯಾಲಿಯ ಕೋರ್ಟಾದರೂ ಕುಟುಂಬ ಕಲಹದ ಕಾಗದ ಮನೆಯಲ್ಲಿ ಕೂತು ಓದಲು ಸಾರ್ವಜನಿಕರಿಗೆ ಸಿಗದು. ಕೋರ್ಟಿನ ಕಟ್ಟಡದೊಳಗಿನ ಕಂಪ್ಯೂಟರಿನಲ್ಲಿ ಮಾತ್ರ ನೋಡಬಹುದೆಂದು ಕ್ಯಾಲಿಫೋರ್ನಿಯಾದ ನಿಯಮವೇ ಇದೆ. ‘ಐದೇ ನಿಮಿಷದಲ್ಲಿ ಡೈವೋರ್ಸ್ ರೆಕಾರ್ಡ್’ ಎಂದು ದುಡ್ಡು ಕೇಳುವ ಖಾಸಗಿ ತಾಣಗಳು ಕೊಡುವುದು ದೃಢೀಕೃತ ನಕಲಲ್ಲ.

ಹಳೆಯದನ್ನು ಹುಡುಕುವವರಿಗೆ ಬೇರೆಯದೇ ತೊಡಕು. ನ್ಯೂಯಾರ್ಕ್‌ನಲ್ಲಿ 1967ರವರೆಗೂ ಡೈವೋರ್ಸಿಗೆ ವ್ಯಭಿಚಾರವೊಂದೇ ಕಾರಣವಾಗಿತ್ತು. ನೆವಾಡ 1931ರಲ್ಲಿ ವಾಸದ ಅವಧಿಯನ್ನು 6 ವಾರಕ್ಕೆ ಇಳಿಸಿದ್ದೇ ತಡ, ಉಳ್ಳವರು ರೈಲು ಹತ್ತಿ ರೀನೋ ಪಟ್ಟಣಕ್ಕೆ ನಡೆದರು. ‘ಇವರು 6 ವಾರ ಇಲ್ಲೇ ಇದ್ದರು’ ಎಂದು ಊರಿನವರೊಬ್ಬರು ಸಾಕ್ಷಿ ಹೇಳಬೇಕಿತ್ತು. ಹಾಗಾಗಿ ನ್ಯೂಯಾರ್ಕ್ ಅಜ್ಜಿಯ ಕಡತ ನೆವಾಡದ ವಾಶೋ ಕೌಂಟಿಯಲ್ಲಿ ಸಿಕ್ಕರೆ ಅಚ್ಚರಿಯಿಲ್ಲ. ಷಿಕಾಗೋದ ಕುಕ್ ಕೌಂಟಿಯ ಕೋರ್ಟ್ ಕಾಗದ 1871ರ ಬೆಂಕಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ್ದು 1906ರ ಭೂಕಂಪದ ಬೆಂಕಿಯಲ್ಲಿ ಬೂದಿಯಾದವು.

ಹಳೆಯ ಕ್ಯಾಲಿಫೋರ್ನಿಯಾ ಕಡತದಲ್ಲಿ ‘ಇಂಟರ್‌ಲೊಕ್ಯುಟರಿ’ ಎಂದಿದ್ದರೆ ಅಲ್ಲಿಗೇ ನಿಲ್ಲಬೇಡಿ. ಅದು ಮಧ್ಯಂತರ ಡಿಕ್ರಿ, ಅಂತಿಮ ಡಿಕ್ರಿ ಸಿಗುವವರೆಗೆ ಅವರಿನ್ನೂ ಗಂಡ-ಹೆಂಡತಿಯೇ.

ಮದುವೆ 10 ವರ್ಷ ಉಳಿದಿದ್ದರೆ, ಮಾಜಿ ಗಂಡನ ಅಥವಾ ಹೆಂಡತಿಯ ದುಡಿಮೆಯ ಲೆಕ್ಕದಲ್ಲಿ ಅಮೆರಿಕದ ಸೋಷಿಯಲ್ ಸೆಕ್ಯೂರಿಟಿ ಪಿಂಚಣಿ ಕೇಳಲು ಅವಕಾಶವಿದೆ. ಒಂಬತ್ತೂವರೆ ವರ್ಷವಾಗಿದ್ದರೆ ಇಲ್ಲ. ಡಿಕ್ರಿಯ ಮೇಲಿನ ದಿನಾಂಕಕ್ಕೆ ಇರುವ ಬೆಲೆ ಅದು.

ಡೈವೋರ್ಸ್ ಭಾರತದಲ್ಲೇ ಆಗುವುದಾದರೆ, ನಮ್ಮ ಹಿಂದೂ ವಿವಾಹ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ವಿಚ್ಛೇದನ ಕೊಟ್ಟ ಕೋರ್ಟು ಡಿಕ್ರಿಯ ಒಂದೊಂದು ಪ್ರತಿಯನ್ನು ಇಬ್ಬರಿಗೂ ಪುಕ್ಕಟೆಯಾಗಿ ಕೊಡಬೇಕು. ಆಗಲೇ ಕೇಳಿ ಪಡೆದುಕೊಳ್ಳಿ.

ಅಮೆರಿಕದ ಕೌಂಟಿಯ ಕಾಗದ ಭಾರತದ ಸುಪ್ರೀಂ ಕೋರ್ಟಿನವರೆಗೂ ಬಂದದ್ದುಂಟು. ತಿರುಪತಿಯಲ್ಲಿ 1975ರಲ್ಲಿ ಮದುವೆಯಾದವರೊಬ್ಬರು ಮಿಸೌರಿಯ ಸೇಂಟ್ ಲೂಯಿಸ್ ಕೌಂಟಿಯ ಸರ್ಕ್ಯೂಟ್ ಕೋರ್ಟಿನಲ್ಲಿ ಡೈವೋರ್ಸ್ ಪಡೆದು, ಮತ್ತೊಂದು ಮದುವೆಯಾದರು. ಮೊದಲ ಹೆಂಡತಿ ದ್ವಿಪತ್ನಿತ್ವದ ದೂರು ಕೊಟ್ಟರು. ಗಂಡ ತೋರಿಸಿದ ಜೆರಾಕ್ಸ್ ಪ್ರತಿಯ ಮೇಲೆ ಅಲ್ಲಿನ ಡೆಪ್ಯುಟಿ ಕ್ಲರ್ಕ್ ಸಹಿಯೇನೋ ಇತ್ತು. ಆದರೆ ಅಮೆರಿಕದಲ್ಲಿದ್ದ ಭಾರತ ಸರ್ಕಾರದ ಪ್ರತಿನಿಧಿಯ ದೃಢೀಕರಣ ಇಲ್ಲದ್ದರಿಂದ ಅದು ಸಾಕ್ಷ್ಯವಾಗದು ಎಂದು 1991ರಲ್ಲಿ ತೀರ್ಪಾಯಿತು. ಡಿಕ್ರಿಯ ತಿರುಳೂ ಇಲ್ಲಿ ನಿಲ್ಲಲಿಲ್ಲ, ಮಿಸೌರಿ ಕೋರ್ಟು ಕೊಟ್ಟ ಕಾರಣ ಹಿಂದೂ ವಿವಾಹ ಕಾಯ್ದೆಯಲ್ಲಿ ಇರಲಿಲ್ಲ. 2005ರಲ್ಲಿ ಹೇಗ್ ಅಪಾಸ್ಟಿಲ್ ಒಪ್ಪಂದ (ಒಂದು ದೇಶದ ಸರ್ಕಾರಿ ಕಾಗದವನ್ನು ಒಂದೇ ದೃಢೀಕರಣ ಪತ್ರದಿಂದ ಇನ್ನೊಂದು ದೇಶ ಒಪ್ಪುವ ವ್ಯವಸ್ಥೆ) ಭಾರತದಲ್ಲಿ ಜಾರಿಗೆ ಬಂದ ಮೇಲೆ ಕಾಗದದ ಓಡಾಟವಷ್ಟೇ ಹಗುರಾಗಿದೆ: ಕೌಂಟಿಯಿಂದ ದೃಢೀಕೃತ ನಕಲು ತಂದು, ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ಅಪಾಸ್ಟಿಲ್ ಹಾಕಿಸಬೇಕು.