ಸೆಲ್ಫ್ ಎಳೆಯದಿದ್ದರೆ ಬ್ಯಾಟರಿಯೇ ಹೋಯಿತೆ?

ಎಚ್.ಡಿ. ಕೋಟೆಯಿಂದ ಅಂತರಸಂತೆ ಹಾದು ಮಾನಂದವಾಡಿಗೆ ಹೋಗುವ ರಸ್ತೆ ಮುಂದೆ ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಾಗುತ್ತದೆ. ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ಗೇಟು ಮುಚ್ಚಿರುತ್ತದೆ. ಹಗಲಲ್ಲೂ ನಡುವೆ ಗಾಡಿ ನಿಲ್ಲಿಸಿ ಇಳಿಯುವಂತಿಲ್ಲ. ಊರೊಳಗೆ ಸೆಲ್ಫ್ ಎಳೆಯದಿದ್ದರೆ ನಾಲ್ಕು ಜನರನ್ನು ಕೂಗಿ ತಳ್ಳಿಸಬಹುದು. ಆನೆ ದಾಟುವ ದಾರಿಯಲ್ಲಿ ಯಾರನ್ನು ಕೂಗುವುದು? ಹಾಗಾಗಿ ಈ ಸೀಮೆಯಲ್ಲಿ ಗಾಡಿ ಇಟ್ಟವರಿಗೆ, ಬ್ಯಾಟರಿ ಎಷ್ಟು ವರ್ಷ ಬರುತ್ತದೆ ಎನ್ನುವುದು ಬರೀ ದುಡ್ಡಿನ ಲೆಕ್ಕವಲ್ಲ. ಆ ಲೆಕ್ಕ ಗೊತ್ತಿರುವ ಜಾಗ ಪೇಟೆಯ ಬ್ಯಾಟರಿ ಅಂಗಡಿ.

ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದಂಥ ಪೇಟೆಗಳಲ್ಲಿ ಗ್ಯಾರೇಜುಗಳ ಸಾಲಿನಲ್ಲಿ ಹುಡುಕಿದರೆ ಇಂಥ ಅಂಗಡಿ ಸಿಗುತ್ತದೆ. ಹಲಗೆಯ ಮೇಲೆ ಚಾರ್ಜಿಗೆ ಹಾಕಿದ ಬ್ಯಾಟರಿಗಳ ಸಾಲು, ಕೆಂಪು ಕಪ್ಪು ಕ್ಲಿಪ್ಪುಗಳು, ಡಿಸ್ಟಿಲ್ಡ್ ವಾಟರ್ ಕ್ಯಾನು, ಆಸಿಡ್ ಬಿದ್ದು ತೂತಾದ ಬಟ್ಟೆ. ಹೆಚ್ಚಿನ ಕಡೆ ಗಾಡಿಯ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್ನೇ ಅಂಗಡಿಯ ಯಜಮಾನ. ಹೊಸ ಬ್ಯಾಟರಿ ಮಾರಲು ದೊಡ್ಡ ವಿದ್ಯೆ ಬೇಕಿಲ್ಲ. ತಂದ ಬ್ಯಾಟರಿ ಬರೀ ಇಳಿದಿದೆಯೋ, ಕೆಟ್ಟೇ ಹೋಗಿದೆಯೋ ಎಂದು ನೋಡಿ ಹೇಳುವುದೇ ಇಲ್ಲಿನ ಕಸುಬು.

ಡಬ್ಬದ ಒಳಗೆ

ಸೀಸ ಮತ್ತು ಆಸಿಡ್ಡಿನ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋಂ ಪ್ಲಾಂತೆ ಮಾಡಿದ್ದು 1859ರಲ್ಲಿ. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ ಬಂತು. ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸುವ ಕಷ್ಟ ಕ್ರಮೇಣ ತಪ್ಪಿತು, ಆ ಭಾರವೆಲ್ಲ ಬ್ಯಾಟರಿಯ ಮೇಲೆ ಬಿತ್ತು. ಇಂದಿಗೂ ಹೆಚ್ಚಿನ ಕಾರುಗಳ ಬಾನೆಟ್ಟಿನಡಿ ಇರುವುದು ಅದೇ ಜಾತಿಯದು. ಒಳಗೆ ಆರು ಸೆಲ್, ಒಂದೊಂದರಲ್ಲೂ ಸುಮಾರು 2.1 ವೋಲ್ಟ್. ಸೀಸದ ಪ್ಲೇಟುಗಳು ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಕೀ ತಿರುಗಿಸಿದ ಕೆಲವೇ ಸೆಕೆಂಡಿನಲ್ಲಿ ನೂರಾರು ಆಂಪಿಯರ್ ಕೊಡಬೇಕಾದ್ದರಿಂದ ಪ್ಲೇಟುಗಳು ತೆಳುವಾಗಿ, ಸಂಖ್ಯೆಯಲ್ಲಿ ಹೆಚ್ಚಾಗಿ ಇರುತ್ತವೆ. ಎಂಜಿನ್ ಓಡತೊಡಗಿದ ಮೇಲೆ ಖರ್ಚಾದದ್ದನ್ನು ಆಲ್ಟರ್ನೇಟರ್ ತುಂಬಿಕೊಡುತ್ತದೆ.

ಸಾಮಾನ್ಯವಾಗಿ ಕಾರಿನ ಬ್ಯಾಟರಿ 3ರಿಂದ 5 ವರ್ಷ ಬಾಳುತ್ತದೆ. ಈ ಅಂತರಕ್ಕೆ ಮೊದಲ ಕಾರಣ ಬಿಸಿ. ಉಷ್ಣಾಂಶ 10 ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎನ್ನುವುದು ಈ ರಂಗದಲ್ಲಿ ಒಪ್ಪಿಕೊಂಡ ಅಂದಾಜು. ಬೇಸಿಗೆಯಲ್ಲಿ ಒಳಗಿನ ನೀರು ಆರುತ್ತದೆ, ಪ್ಲೇಟಿನ ಜಾಲರಿ ಸವೆಯುತ್ತದೆ. ಆಗ ಆದ ಪೆಟ್ಟು ಗೊತ್ತಾಗುವುದು ಮಾತ್ರ ಧನುರ್ಮಾಸದ ಚಳಿಯ ಬೆಳಗ್ಗೆ. ಎಂಜಿನ್ ಆಯಿಲ್ ಗಟ್ಟಿಯಾಗಿ ಸೆಲ್ಫಿಗೆ ಹೆಚ್ಚು ಬಲ ಬೇಕಾಗುತ್ತದೆ, ಬ್ಯಾಟರಿಯ ಬಲವೋ ಚಳಿಗೆ ಕುಗ್ಗಿರುತ್ತದೆ.

ಎರಡನೆಯದು ಬಳಕೆ. ಕೆಲಸ ಮುಗಿದ ಮೇಲೆ ಮನೆ ಮುಂದೆ ವಾರಗಟ್ಟಲೆ ನಿಲ್ಲುವ ಟ್ರಾಕ್ಟರ್, ಮದುವೆ ಜಾತ್ರೆಗೆ ಮಾತ್ರ ಹೊರಡುವ ಕಾರು: ಇವುಗಳ ಬ್ಯಾಟರಿ ದುಡಿಯದೆಯೇ ಸಾಯುತ್ತದೆ. ಸುಮ್ಮನಿದ್ದರೂ ಚಾರ್ಜ್ ಸೋರುತ್ತದೆ. ಹಾಗೆ ಇಳಿದ ಸ್ಥಿತಿಯಲ್ಲೇ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗದು. ಎರಡು ಮೂರು ಕಿಲೋಮೀಟರ್ ಓಡಿಸಿ ಮತ್ತೆ ನಿಲ್ಲಿಸುವ ಗಾಡಿಯದೂ ಇದೇ ಪಾಡು, ಖರ್ಚಾದದ್ದು ತುಂಬುವುದೇ ಇಲ್ಲ. ನಿಲ್ಲಿಸಿಡುವ ಗಾಡಿಯಾದರೆ ನೆಗೆಟಿವ್ ವೈರು ಬಿಚ್ಚಿಡಬೇಕು, ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಬೇಕು.

ಪರೀಕ್ಷೆ ಮಾಡುವ ಬಗೆ

ಅನುಭವಸ್ಥ ಮೊದಲು ನೋಡುವುದು ಟರ್ಮಿನಲ್. ಬಿಳಿ ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರು, ಅಡುಗೆ ಸೋಡಾ ಹಾಕಿ ತೊಳೆದು, ಕ್ಲಾಂಪ್ ಬಿಗಿ ಮಾಡಿ, ವ್ಯಾಸಲೀನ್ ಸವರುತ್ತಾನೆ. ಎಷ್ಟೋ ಗಾಡಿ ಇಷ್ಟಕ್ಕೇ ಸ್ಟಾರ್ಟ್ ಆಗಿಬಿಡುತ್ತದೆ. ಆಮೇಲೆ ಮೀಟರ್. ಕೆಲವು ಗಂಟೆ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.5ರ ಆಸುಪಾಸು ತೋರಬೇಕು. ತೋರದಿದ್ದರೆ ದೋಷ ಆಲ್ಟರ್ನೇಟರಿನದೋ ಬೆಲ್ಟಿನದೋ ಇರಬಹುದು, ಹೊಸ ಬ್ಯಾಟರಿ ಹಾಕಿದರೂ ಅದೂ ಇಳಿಯುತ್ತದೆ.

ಮುಚ್ಚಳ ಬಿಚ್ಚುವ ಬ್ಯಾಟರಿಯಾದರೆ ಹೈಡ್ರೋಮೀಟರ್ ಇನ್ನೂ ಹೆಚ್ಚು ಹೇಳುತ್ತದೆ. ಪೂರ್ತಿ ಚಾರ್ಜ್ ಆದ ಸೆಲ್ಲಿನಲ್ಲಿ ಆಸಿಡ್ಡಿನ ಸಾಂದ್ರತೆ 1.24ರಿಂದ 1.27ರವರೆಗೆ ಇರುತ್ತದೆ. ಆರೂ ಒಂದೇ ಸಮ ಇಳಿದಿದ್ದರೆ ಸ್ಲೋ ಚಾರ್ಜಿಗೆ ಹಾಕಿ ನೋಡಬಹುದು. ಐದು ಸರಿಯಿದ್ದು ಒಂದೇ ತೀರಾ ಕೆಳಗಿದ್ದರೆ ಆ ಸೆಲ್ ಹೋಗಿದೆ, ಬ್ಯಾಟರಿ ಬದಲಿಸುವುದೇ ದಾರಿ. ಕೊನೆಗೆ ಲೋಡ್ ಪರೀಕ್ಷೆ: ಪೂರ್ತಿ ಚಾರ್ಜ್ ಆದ ಮೇಲೂ ಸೆಲ್ಫ್ ಎಳೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಕುಸಿದರೆ ಅದನ್ನು ನಂಬಿ ಕಾಡು ದಾಟಬಾರದು.

ಡಬ್ಬ ಉಬ್ಬಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಪರೀಕ್ಷೆಯ ಮಾತೇ ಇಲ್ಲ, ತೆಗೆಯಬೇಕು. ಚಾರ್ಜ್ ಆಗುವಾಗ ಹೊರಡುವ ಜಲಜನಕ ಕಿಡಿ ತಾಗಿದರೆ ಸಿಡಿಯುತ್ತದೆ. ಹತ್ತಿರ ಬೀಡಿ ಹಚ್ಚುವುದು ಸಲ್ಲ. ನೀರು ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರಿನ ಲವಣ ಪ್ಲೇಟನ್ನು ಕೆಡಿಸುತ್ತದೆ. ‘ಪವರ್ ಬರಲಿ’ ಎಂದು ಆಸಿಡ್ ಸುರಿಯುವುದೂ ತಪ್ಪು, ಆರಿಹೋಗಿರುವುದು ನೀರೇ ಹೊರತು ಆಸಿಡ್ ಅಲ್ಲ.

ಹೊಸದು, ಹಳೆಯದು

ಕೊಳ್ಳುವಾಗ ತಯಾರಾದ ತಿಂಗಳು ನೋಡಿ. ಆರು ತಿಂಗಳು ಕಪಾಟಿನಲ್ಲೇ ಕೂತದ್ದು ಬೇಡ. ಅಳತೆ, ಆಂಪಿಯರ್-ಅವರ್, ಟರ್ಮಿನಲ್ಲಿನ ದಿಕ್ಕು ಹಳೆಯದರಂತೆಯೇ ಇರಲಿ. ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗುವ ಹೊಸ ಕಾರುಗಳಿಗೆ ಬೇರೆ ಬಗೆಯ ಬ್ಯಾಟರಿ ಬೇಕು. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ.

ಕಾಡಂಚಿನ ಹೊಲಗಳಲ್ಲಿ ಇನ್ನೊಂದು ವಿಷಯವಿದೆ. ಹಂದಿ, ಆನೆ ತಡೆಯುವ ಸೋಲಾರ್ ಬೇಲಿಯ ಯಂತ್ರಕ್ಕೂ 12 ವೋಲ್ಟಿನ ಬ್ಯಾಟರಿಯೇ ಬೇಕು. ಆದರೆ ಅದು ರಾತ್ರಿಯಿಡೀ ನಿಧಾನವಾಗಿ ಇಳಿದು ಹಗಲು ತುಂಬಿಕೊಳ್ಳುವ ಕೆಲಸ. ದಪ್ಪ ಪ್ಲೇಟಿನ ಟ್ಯೂಬ್ಯುಲರ್ ಬ್ಯಾಟರಿ ಅದಕ್ಕೆ ತಕ್ಕದ್ದು. ಕಾರಿನಿಂದ ಕಳಚಿದ್ದನ್ನು ಬೇಲಿಗೆ ಕಟ್ಟಿದರೆ ಅದು ಬೇಗನೆ ಸೋಲುತ್ತದೆ, ಅದರ ಜೊತೆ ಬೇಲಿಯೂ.

ಹಳೆಯದನ್ನು ಅಂಗಡಿಗೇ ಕೊಡಿ. ಸೀಸಕ್ಕೆ ಬೆಲೆಯಿರುವುದರಿಂದ ಹೊಸದರ ದರದಲ್ಲಿ ಅಷ್ಟು ಕಳೆಯುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯವನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹಿತ್ತಲಲ್ಲಿ ಒಡೆದು ಸೀಸ ಕರಗಿಸಿದರೆ ಅದರ ವಿಷ ಮೊದಲು ತಟ್ಟುವುದು ಮಕ್ಕಳಿಗೆ.

ಮೂರು ವರ್ಷ ತುಂಬಿದ ಬ್ಯಾಟರಿಯನ್ನು ಬೇಸಿಗೆಗೆ ಮುಂಚೆ ಒಮ್ಮೆ, ಚಳಿಗೆ ಮುಂಚೆ ಒಮ್ಮೆ ಅಂಗಡಿಯಲ್ಲಿ ತೋರಿಸಿ. ಪರೀಕ್ಷೆಯಲ್ಲಿ ಗೆದ್ದರೆ ನಾಲ್ಕನೇ ವರ್ಷವೂ ಓಡಿಸಬಹುದು. ಸೋತರೆ ಎರಡೇ ವರ್ಷದ್ದಾದರೂ ಬದಲಿಸಬೇಕು, ವಾರಂಟಿ ಕಾರ್ಡ್ ಇದ್ದರೆ ಅದನ್ನು ಮುಂದಿಡಬೇಕು. ಕೊಂಡ ತಾರೀಖು ನೆನಪಿಸುತ್ತದೆ, ತೀರ್ಮಾನ ಮಾತ್ರ ಮೀಟರಿನದು.